ಭರತಪುರದ ಜೌಗಿನಲ್ಲಿ ಹುಲ್ಲು ಮತ್ತು ಎಮ್ಮೆ



ಹೊಲದಲ್ಲಿ ಜೇಕು ಎದ್ದರೆ ಶಪಿಸದ ರೈತನಿಲ್ಲ. ಎಷ್ಟು ಕಿತ್ತರೂ ಗಡ್ಡೆ ನೆಲದೊಳಗೆ ಉಳಿದು ಮತ್ತೆ ಚಿಗುರುತ್ತದೆ. ಆದರೆ ಇಂಥ ಜೇಕಿನ ಗಡ್ಡೆಯನ್ನೇ ನೆಚ್ಚಿಕೊಂಡು ಸೈಬೀರಿಯಾದ ಬಿಳಿ ಕ್ರೌಂಚಗಳು ಸಾವಿರಾರು ಮೈಲಿ ಹಾರಿ ಬರುತ್ತಿದ್ದ ಜೌಗುನೆಲವೊಂದು ನಮ್ಮ ದೇಶದಲ್ಲಿದೆ. ಅದೇ ರಾಜಸ್ಥಾನದ ಭರತಪುರದ ಕೇವಲಾದೇವ ಉದ್ಯಾನ. ಅಲ್ಲಿಯ ಹುಲ್ಲಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಅದರ ವಿಸ್ತೀರ್ಣ ಸುಮಾರು 7,000 ಎಕರೆ. ಮಳೆಗಾಲದಲ್ಲಿ ಅಜಾನ್ ಕಟ್ಟೆಯಿಂದ ನೀರು ಬಿಟ್ಟಾಗ ತಗ್ಗೆಲ್ಲ ತುಂಬುತ್ತದೆ. ಬೇಸಿಗೆಗೆ ಬಹುಭಾಗ ಒಣಗುತ್ತದೆ. ನೀರಿನಲ್ಲಿ ನೈದಿಲೆ, ಹುಲ್ಲುಗಾವಲಿನಲ್ಲಿ ಲಾವಂಚ, ನೀರಿನ ನಡುವಣ ದಿಬ್ಬಗಳ ಮೇಲೆ ಕರಿಜಾಲಿ. ಆ ಜಾಲಿಗಳ ತುಂಬ ಕೊಕ್ಕರೆಯ ಗೂಡು.

ಸುತ್ತಲ ಹಳ್ಳಿಗಳ ದನ, ಎಮ್ಮೆಗಳು ಬಹುಕಾಲದಿಂದ ಇಲ್ಲಿ ಮೇಯುತ್ತಿದ್ದವು. 1982ರಲ್ಲಿ ಮೇಯಿಸುವುದನ್ನು ಪೂರ್ತಿ ನಿಷೇಧಿಸಲಾಯಿತು. ಹಳ್ಳಿಗರು ಪ್ರತಿಭಟಿಸಿದರು, ಆ ವರುಷದ ನವೆಂಬರಿನಲ್ಲಿ ಗೋಲೀಬಾರಾಗಿ ಕೆಲವರು ಪ್ರಾಣ ಕಳೆದುಕೊಂಡರು. ಹುಲ್ಲಿಗಾಗಿ ಹೋದ ಜೀವಗಳು ಅವು. ದನಗಳು ಹೊರಗಾದರೆ ಜೌಗು ಸುಧಾರಿಸೀತೆಂಬ ನಂಬಿಕೆ ಆಗ ವಿಜ್ಞಾನಿಗಳಲ್ಲೂ ಇತ್ತು.

ಆದದ್ದೇ ಬೇರೆ. ಅಲ್ಲಿಯ ನೀರಿನಲ್ಲಿ ಒಂದು ಹುಲ್ಲುಂಟು. ಅದು ನಮ್ಮ ಹಾರಕದ ಕುಲಕ್ಕೇ ಸೇರಿದ್ದು. ಗರಿಕೆಯಂತೆ ಹಬ್ಬಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಎಮ್ಮೆಯಾದರೆ ನೀರಿಗಿಳಿದು ಅದನ್ನು ಮೇಯುತ್ತಿತ್ತು. ತುಳಿದು ಓಡಾಡಿ ನಡುವೆ ಬಯಲು ಮಾಡುತ್ತಿತ್ತು. ಎಮ್ಮೆ ಹೋದ ಮೇಲೆ ಹುಲ್ಲು ಚಾಪೆ ಹಾಸಿದಂತೆ ನೀರನ್ನು ಮುಚ್ಚಿಕೊಂಡಿತು. ಬಾತುಗಳಿಗೆ ಈಜಲು ತೆರೆದ ನೀರು ಕಡಿಮೆಯಾಯಿತು, ಕ್ರೌಂಚಕ್ಕೆ ಗಡ್ಡೆ ಅಗೆಯಲು ಎಡೆ ಸಿಗದಾಯಿತು. ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1980ರಿಂದ 1990ರವರೆಗೆ ಅಲ್ಲೇ ಕುಳಿತು ಪರಿಶೀಲಿಸಿ, ಎಮ್ಮೆ ಮೇಯುವುದರಿಂದ ಜೌಗಿಗೆ ಉಪಕಾರವೇ ಇತ್ತೆಂದು ತಿಳಿಸಿದರು. ಮೊದಲಿನ ಎಣಿಕೆ ತಪ್ಪೆಂದು ಬರೆದುಕೊಡುವುದು ಸಣ್ಣ ಮಾತಲ್ಲ.

ಹಾಗೆಂದು ಎಷ್ಟು ದನವನ್ನಾದರೂ ಹೊಡೆದರೆ ಒಳ್ಳೆಯದೆಂದು ಯಾರೂ ತಿಳಿಯಬಾರದು. ನೀರಿನ ಹುಲ್ಲಿಗೆ ಎಮ್ಮೆಯ ಬಾಯಿ ಬೇಕಿತ್ತು ಎಂಬಷ್ಟೇ ಮಾತು. ಕ್ರೌಂಚಗಳು ಅಲ್ಲಿ ಕಡೆಯದಾಗಿ ಕಂಡದ್ದು 2001-02ರ ಚಳಿಗಾಲದಲ್ಲಿ. ಅದಕ್ಕೆ ಹುಲ್ಲೊಂದೇ ಕಾರಣವಲ್ಲ. ಬರುವ ದಾರಿಯಲ್ಲಿ ಬೇಟೆಗಾರರ ಕಾಟವೂ ಇತ್ತು.

ನಿಷೇಧ ಹಾಗೆಯೇ ಉಳಿಯಿತು. ಹುಲ್ಲು ಕೊಯ್ದು ಒಯ್ಯಲು ಹಳ್ಳಿಗರಿಗೆ ಅನುಮತಿ ಸಿಕ್ಕಿತು. ಆದರೆ ನೀರಿನಡಿಯ ಬುಡಕ್ಕೆ ಕುಡುಗೋಲು ಎಟುಕುವುದೆಷ್ಟು?

ಮೇಲೆ ಪಾಂಚನಾ ಅಣೆಕಟ್ಟಾಗಿ ನೀರಿನ ಬರವು ಕುಗ್ಗಿದ ವರುಷಗಳಲ್ಲಿ ಇನ್ನೊಂದು ಪೀಡೆ ಬೆಳೆಯಿತು. ನಾವು ಬಳ್ಳಾರಿ ಜಾಲಿ ಎನ್ನುವ ಪರದೇಶಿ ಮುಳ್ಳು ಒಣಗಿದ ನೆಲಕ್ಕೆಲ್ಲ ನುಗ್ಗಿತು. ಆಗ ಅರಣ್ಯ ಇಲಾಖೆ ಸುತ್ತಲ ಹಳ್ಳಿಗರನ್ನೇ ಕರೆಯಿತು. ಕಿತ್ತ ಸೌದೆ ಕಿತ್ತವರಿಗೇ ಎಂದು ಗೊತ್ತುಮಾಡಿಕೊಂಡು ಅವರು ಕೆಲಸಕ್ಕಿಳಿದರು. ಮೇಲೆ ಕಡಿದರೆ ಮತ್ತೆ ಚಿಗುರುವ ಗಿಡ; ಬುಡಸಹಿತ ಅಗೆಯಬೇಕು. ಆ ಕೆಲಸದ ಕಷ್ಟವನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.