ಪದಚ್ಯುತ ರಾಜವಂಶಕ್ಕಾಗಿ ಸ್ಕಾಟರ ದಂಗೆಗಳು



ಗೆದ್ದವರ ಚರಿತ್ರೆಯನ್ನು ಎಲ್ಲರೂ ಓದುವರು. ಸೋತವರ ಚರಿತ್ರೆಯನ್ನು ಓದಿ ವಿಚಾರಮಾಡುವವರು ವಿರಳ. ಆದರೆ ನಾಡನ್ನು ಕಟ್ಟಹೊರಟವರಿಗೆ ಎರಡನೆಯದರಿಂದಲೇ ಹೆಚ್ಚು ಬೋಧೆಯುಂಟು. ಆದುದರಿಂದ ಸ್ಕಾಟ್ಲೆಂಡಿನವರು ತಮ್ಮ ಪದಚ್ಯುತ ರಾಜವಂಶವನ್ನು ಮರಳಿ ಪಟ್ಟಕ್ಕೆ ತರಲು ೧೬೮೯ರಿಂದ ೧೭೪೬ರವರೆಗೆ ನಡೆಸಿದ ದಂಗೆಗಳ ವಿಷಯವನ್ನು ನಾವು ಈ ದಿನ ತಮ್ಮ ಮುಂದೆ ಇಡುವೆವು. ಅವರಲ್ಲಿ ಶೌರ್ಯದ ಕೊರತೆಯಿರಲಿಲ್ಲ; ತ್ಯಾಗದ ಕೊರತೆಯೂ ಇರಲಿಲ್ಲ. ಆದರೂ ಅವರು ಸೋತರು. ಏಕೆ ಸೋತರು, ಸೋತ ಮೇಲೆಯೂ ಆ ನಾಡು ಹೇಗೆ ಉಳಿಯಿತು ಎಂಬುದೇ ಇಲ್ಲಿಯ ವಿಚಾರ.

ಸ್ಟೂವರ್ಟ್ ಮನೆತನವು ೧೩೭೧ರಿಂದ ಸ್ಕಾಟ್ಲೆಂಡನ್ನು ಆಳುತ್ತಿದ್ದಿತು. ೧೬೦೩ರಲ್ಲಿ ಇಂಗ್ಲೆಂಡಿನ ಎಲಿಝಬೆತ್ ರಾಣಿಯು ಸಂತಾನವಿಲ್ಲದೆ ತೀರಿಕೊಳ್ಳಲು, ಸ್ಕಾಟರ ಆರನೆಯ ಜೇಮ್ಸನೇ ಇಂಗ್ಲೆಂಡಿಗೂ ಅರಸನಾದನು. ಅರಸನೊಬ್ಬನಾದರೂ ರಾಜ್ಯಗಳು ಎರಡು, ಪಾರ್ಲಿಮೆಂಟುಗಳೂ ಎರಡು. ಅವನ ಮೊಮ್ಮಗನಾದ ಏಳನೆಯ ಜೇಮ್ಸನು ರೋಮನ್ ಕ್ಯಾಥೊಲಿಕ್ ಮತದವನು. ಪ್ರಜೆಗಳಲ್ಲಿ ಬಹುಜನರು ಪ್ರಾಟೆಸ್ಟಂಟರು. ೧೬೮೮ರಲ್ಲಿ ಅವನ ಅಳಿಯನಾದ ಆರೆಂಜಿನ ವಿಲಿಯಮನು ಸೈನ್ಯಸಮೇತನಾಗಿ ಇಂಗ್ಲೆಂಡಿನಲ್ಲಿ ಇಳಿಯಲು, ಜೇಮ್ಸನು ಫ್ರಾನ್ಸಿಗೆ ಓಡಿಹೋದನು. ಮರುವರ್ಷ ಸ್ಕಾಟರ ಪ್ರತಿನಿಧಿ ಸಭೆಯೂ ಅವನು ಪಟ್ಟವನ್ನು ಕಳೆದುಕೊಂಡನೆಂದು ಸಾರಿತು. ಜೇಮ್ಸ್ ಎಂಬ ಹೆಸರು ಲ್ಯಾಟಿನಿನಲ್ಲಿ ಜಾಕೋಬಸ್ ಎಂದಾಗುವುದರಿಂದ ಅವನ ಪಕ್ಷದವರಿಗೆ ಜಾಕೊಬೈಟರೆಂದು ಹೆಸರಾಯಿತು.

ಮೊದಲನೆಯ ದಂಗೆಯ ನಾಯಕನು ವೈಕೌಂಟ್ ಡಂಡಿ. ೧೬೮೯ರ ಜುಲೈ ೨೭ರಂದು ಕಿಲಿಕ್ರಾಂಕಿಯ ಕಣಿವೆಯಲ್ಲಿ ಅವನ ಗುಡ್ಡಗಾಡಿನ ವೀರರು ಇಳಿಜಾರಿನಿಂದ ಧುಮುಕಿ ಸರ್ಕಾರಿ ದಂಡನ್ನು ಚದರಿಸಿದರು. ಆದರೆ ಗೆಲುವಿನ ಗಳಿಗೆಯಲ್ಲಿಯೇ ಡಂಡಿಯು ಗುಂಡೇಟಿಗೆ ಬಲಿಯಾದನು. ನಾಯಕನೊಬ್ಬನು ಬೀಳಲು ದಂಗೆಯೇ ಬಿದ್ದಿತು. ಮರುವರ್ಷದ ಮೇ ತಿಂಗಳಲ್ಲಿ ಕ್ರಾಮ್‌ಡೇಲಿನ ಸೋಲಿನೊಡನೆ ಅದು ಅಡಗಿತು.

ಆ ಬಳಿಕ ನಡೆದುದು ಗ್ಲೆನ್ಕೋದ ಕೊಲೆ. ೧೬೯೨ರ ಜನವರಿ ೧ರೊಳಗೆ ಕುಲನಾಯಕರೆಲ್ಲರೂ ವಿಲಿಯಮನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆಜ್ಞೆಯಾಗಿದ್ದಿತು. ಗ್ಲೆನ್ಕೋದ ಮ್ಯಾಕ್‌ಡೊನಾಲ್ಡರ ಮುದುಕ ನಾಯಕನು ಕಡೆಯ ದಿನ ಫೋರ್ಟ್ ವಿಲಿಯಮಿಗೆ ಹೋದನು. ಪ್ರಮಾಣ ಸ್ವೀಕರಿಸತಕ್ಕ ಅಧಿಕಾರಿಯು ಅಲ್ಲಿಲ್ಲವೆಂದು ಅವನನ್ನು ದೂರದ ಇನ್‌ವರೇರಿಗೆ ಅಟ್ಟಿದರು. ಕೆಲವು ದಿನ ತಡವಾಯಿತು. ಅಷ್ಟೇ ನೆವಸಾಕಾಯಿತು. ಹತ್ತು ಹನ್ನೆರಡು ದಿನ ಅವರ ಮನೆಗಳಲ್ಲಿ ಉಂಡು ಮಲಗಿದ್ದ ಸೈನಿಕರೇ ಫೆಬ್ರವರಿ ೧೩ರ ನಸುಕಿನಲ್ಲಿ ಎದ್ದು ಸುಮಾರು ೩೮ ಜನರನ್ನು ಕೊಂದರು. ಉಂಡ ಮನೆಗೆ ಎರಡು ಬಗೆದ ಈ ಕೃತ್ಯವನ್ನು ಗುಡ್ಡಗಾಡಿನವರು ಮರೆಯಲಿಲ್ಲ.

೧೭೦೭ರ ಮೇ ೧ರಂದು ಸ್ಕಾಟರ ಪಾರ್ಲಿಮೆಂಟು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಲೀನವಾಯಿತು. ಪನಾಮಾದ ಡೇರಿಯನ್ನಿನಲ್ಲಿ ವಸಾಹತು ಕಟ್ಟಲು ಹೋಗಿ ಸ್ಕಾಟರು ಆ ಮೊದಲೇ ಅಪಾರ ಹಣವನ್ನು ಕಳೆದುಕೊಂಡಿದ್ದರು. ಬಡತನವು ಒಪ್ಪಂದಕ್ಕೆ ದಾರಿಮಾಡಿತು. ಇಲ್ಲಿಂದ ಮುಂದೆ ರಾಜವಂಶದ ಪ್ರಶ್ನೆಯೂ ನಾಡಿನ ಪ್ರಶ್ನೆಯೂ ಒಂದರೊಡನೊಂದು ಹೆಣೆದುಕೊಂಡವು. ೧೭೧೪ರಲ್ಲಿ ಆನ್ ರಾಣಿಯ ತರುವಾಯ ಜರ್ಮನಿಯ ಹ್ಯಾನೋವರಿನಿಂದ ಒಂದನೆಯ ಜಾರ್ಜನು ಬಂದು ಪಟ್ಟವೇರಲು ಅಸಮಾಧಾನವು ಹೊತ್ತಿಕೊಂಡಿತು. ೧೭೧೫ರ ಸೆಪ್ಟೆಂಬರಿನಲ್ಲಿ ಬ್ರೇಮಾರಿನಲ್ಲಿ ಮಾರ್ ಪ್ರಭುವು ಧ್ವಜವೆತ್ತಿದನು. ಒಕ್ಕೂಟ ಬೇಡವೆಂಬ ಮಾತನ್ನು ಕೆಲವರು ತಮ್ಮ ಕತ್ತಿಗಳ ಮೇಲೆಯೇ ಕೊರೆಯಿಸಿಕೊಂಡಿದ್ದರು. ಆದರೆ ಈ ಮಾರ್ ಪ್ರಭುವು ಯಾರು? ಎಂಟು ವರ್ಷಗಳ ಹಿಂದೆ ಅದೇ ಒಕ್ಕೂಟಕ್ಕೆ ದುಡಿದವನು. ಹೊಸ ಅರಸನು ಅಧಿಕಾರದಿಂದ ತೆಗೆದಮೇಲೆ ಪಕ್ಷ ಬದಲಿಸಿದವನು! ನವೆಂಬರ ೧೩ರಂದು ಶೆರಿಫ್‌ಮ್ಯೂರಿನಲ್ಲಿ ಅವನ ಸೈನ್ಯವು ದೊಡ್ಡದಾಗಿದ್ದರೂ ಜಯವು ಯಾರಿಗೂ ಸಿಕ್ಕಲಿಲ್ಲ. ಜೇಮ್ಸನ ಮಗನು ಡಿಸೆಂಬರಿನ ಕೊನೆಗೆ ಬಂದಿಳಿದನು; ಫೆಬ್ರವರಿಯಲ್ಲಿ ಮಾರನೊಡನೆ ಹಡಗು ಹತ್ತಿ ಹೊರಟುಹೋದನು. ಉಳಿದ ಅನುಯಾಯಿಗಳು ಸೆರೆಮನೆ, ಗಲ್ಲು, ಗಡೀಪಾರುಗಳಿಗೆ ಈಡಾದರು. ೧೭೧೯ರಲ್ಲಿ ಸ್ಪೇನಿನ ಬೆಂಬಲದಿಂದೆದ್ದ ಇನ್ನೊಂದು ಸಣ್ಣ ದಂಗೆಯು ಗ್ಲೆನ್‌ಶೀಲಿನಲ್ಲಿ ಒಂದೇ ದಿನದ ಕಾಳಗದಿಂದ ಮುಗಿಯಿತು.

ಕಡೆಯ ದಂಗೆಯೇ ಲೋಕಪ್ರಸಿದ್ಧವಾದುದು. ೧೭೪೫ರ ಜುಲೈಯಲ್ಲಿ ಪದಚ್ಯುತ ಜೇಮ್ಸನ ಮೊಮ್ಮಗನಾದ ಚಾರ್ಲ್ಸ್ ಎಡ್ವರ್ಡನು ಎರಿಸ್ಕೇ ದ್ವೀಪದಲ್ಲಿ ಇಳಿದನು. ಆಗ ಅವನಿಗೆ ೨೪ ವರ್ಷ. ಆಗಸ್ಟ ೧೯ರಂದು ಗ್ಲೆನ್‌ಫಿನ್ನನಿನಲ್ಲಿ ಧ್ವಜವೇರಿತು. ದಂಗೆಗಳನ್ನು ಅಡಗಿಸಲೆಂದು ಜನರಲ್ ವೇಡನು ಕಟ್ಟಿಸಿದ್ದ ದಾರಿಗಳಲ್ಲಿಯೇ ದಂಗೆಯ ದಂಡು ಸಾಗಿಬಂದು ಎಡಿನ್‌ಬರೊ ನಗರವನ್ನು ಹಿಡಿಯಿತು. ಸೆಪ್ಟೆಂಬರ ೨೧ರ ಬೆಳಗಿನಲ್ಲಿ ಪ್ರೆಸ್ಟನ್‌ಪ್ಯಾನ್ಸಿನಲ್ಲಿ ಸರ್ಕಾರಿ ಸೈನ್ಯವು ಕೆಲವೇ ನಿಮಿಷಗಳಲ್ಲಿ ಮುರಿದೋಡಿತು.

ಮಹನೀಯರೇ, ಈ ಕಥೆಯ ಮರ್ಮವಿರುವುದು ಇಲ್ಲಿಯೇ. ೧೭೦೭ರ ಒಕ್ಕೂಟವು ರದ್ದಾಯಿತೆಂದು ರಾಜಕುಮಾರನು ಸಾರಿದನು. ಅವನ ಸಂಗಡಿಗರಾದ ಸ್ಕಾಟರಲ್ಲಿ ಅನೇಕರಿಗೆ ಅಷ್ಟೇ ಸಾಕಾಗಿದ್ದಿತು. ಸ್ವಂತ ನಾಡನ್ನು ಭದ್ರಪಡಿಸಿಕೊಂಡು ನಿಲ್ಲೋಣವೆಂದರು. ರಾಜಕುಮಾರನಿಗೆ ಬೇಕಾದುದು ಲಂಡನ್ನಿನ ಸಿಂಹಾಸನ. ಸಮಾಲೋಚನೆಯ ಸಭೆಯಲ್ಲಿ ಒಂದೇ ಮತದ ಅಂತರದಿಂದ ಇಂಗ್ಲೆಂಡಿನ ಮೇಲೆ ನಡೆಯುವ ನಿಶ್ಚಯವಾಯಿತು. ಡಿಸೆಂಬರ ೪ರಂದು ಡರ್ಬಿಯನ್ನು ಮುಟ್ಟಿದರು. ಇಂಗ್ಲೆಂಡಿನ ಜನರು ಏಳಲಿಲ್ಲ. ಫ್ರಾನ್ಸಿನ ಸೈನ್ಯವು ಬರಲಿಲ್ಲ. ಎರಡು ದಿನಗಳ ಬಳಿಕ ದಂಡು ಹಿಂದಿರುಗಿತು. ಸ್ಕಾಟರಿಗೆ ನಾಡು ಗುರಿಯಾಗಿದ್ದಿತು. ಸ್ಟೂವರ್ಟನಿಗೆ ಆ ನಾಡು ಲಂಡನ್ನಿನ ಮೆಟ್ಟಿಲಾಗಿದ್ದಿತು.

೧೭೪೬ರ ಏಪ್ರಿಲ್ ೧೬. ಹಿಂದಿನ ರಾತ್ರಿ ಶತ್ರುವಿನ ಬೀಡಿನ ಮೇಲೆ ಬೀಳಲು ನಡೆದು, ದಾರಿಯಲ್ಲಿಯೇ ಬೆಳಗಾಗಲು ಮರಳಿದ ಸೈನಿಕರು ನಿದ್ದೆಯಿಲ್ಲದೆ, ಅನ್ನವಿಲ್ಲದೆ ಕಲೋಡನ್ನಿನ ಬಯಲಿನಲ್ಲಿ ನಿಂತರು. ಕಂಬರ್ಲೆಂಡಿನ ಡ್ಯೂಕನ ಫಿರಂಗಿಗಳು ಒಂದು ಗಂಟೆಯೊಳಗೆ ಎಲ್ಲವನ್ನೂ ಮುಗಿಸಿದವು. ಅವನ ಪಡೆಯಲ್ಲಿ ಸ್ಕಾಟರೂ ಇದ್ದರೆಂಬುದನ್ನು ಮರೆಯಬಾರದು. ಪ್ರೆಸ್ಬಿಟೇರಿಯನ್ ಮತದವರು ಸ್ಟೂವರ್ಟರನ್ನು ನಂಬಲಿಲ್ಲ. ಕ್ಯಾಂಬೆಲ್ ಕುಲದವರು ಜಾಕೊಬೈಟ್ ಕುಲಗಳಿಗೆ ಹಳೆಯ ಹಗೆಗಳು. ಕುಲನಾಯಕನ ಕರೆಗೆ ಓಗೊಡದಿದ್ದರೆ ಮನೆ ಸುಟ್ಟಾರೆಂದು ಅಂಜಿ ಬಂದ ಒಕ್ಕಲಿನವರೂ ದಂಗೆಯ ದಂಡಿನಲ್ಲಿದ್ದರು. ಹೀಗೆ ಒಡೆದ ಮನೆಯು ಗೆಲ್ಲುವುದೆಂತು?

ಆದರೂ ಆ ಬಡಜನರ ಗುಣವನ್ನು ಕೊಂಡಾಡದೆ ಇರಲಾರೆವು. ಐದು ತಿಂಗಳು ರಾಜಕುಮಾರನು ಗುಡ್ಡ ದ್ವೀಪಗಳಲ್ಲಿ ಅಲೆದನು. ಅವನ ತಲೆಗೆ ೩೦,೦೦೦ ಪೌಂಡುಗಳ ಬಹುಮಾನವಿದ್ದರೂ ಯಾರೂ ಅವನನ್ನು ಹಿಡಿದುಕೊಡಲಿಲ್ಲ. ಫ್ಲೋರಾ ಮ್ಯಾಕ್‌ಡೊನಾಲ್ಡ್ ಎಂಬ ತರುಣಿಯು ಅವನಿಗೆ ದಾಸಿಯ ವೇಷ ತೊಡಿಸಿ ದೋಣಿಯಲ್ಲಿ ಸ್ಕೈ ದ್ವೀಪಕ್ಕೆ ದಾಟಿಸಿದಳು. ಅವನು ಪಾರಾದನು, ಜನರು ಪಾರಾಗಲಿಲ್ಲ. ಆಯುಧ ಹಿಡಿಯಕೂಡದು, ಗುಡ್ಡಗಾಡಿನ ಉಡುಪನ್ನು ಉಡಕೂಡದು ಎಂದು ಶಾಸನವಾಯಿತು. ಉಟ್ಟವನಿಗೆ ಆರು ತಿಂಗಳ ಸೆರೆ. ಮತ್ತೆ ಉಟ್ಟರೆ ಏಳು ವರ್ಷ ಕಡಲಾಚೆಗೆ. ೧೭೮೨ರವರೆಗೆ ಈ ಶಾಸನವಿದ್ದಿತು. ಆ ಉಡುಪಿಗೆ ಅನುಮತಿಯಿದ್ದುದು ಅರಸನ ಪಲ್ಟಣಗಳಲ್ಲಿ ಮಾತ್ರ.

ಆ ಪಲ್ಟಣಗಳ ಮೂಲಕವೇ ಈ ಕಥೆಯು ನಮ್ಮ ಬಾಗಿಲಿಗೆ ಬರುವುದು. ಹದಿನೆಂಟರ ಪ್ರಾಯದಲ್ಲಿ ರಾಜಕುಮಾರನ ಪರವಾಗಿ ಕತ್ತಿ ಹಿಡಿದಿದ್ದ ಲಾರ್ಡ್ ಮ್ಯಾಕ್ಲಿಯಡನು ಕ್ಷಮೆ ಪಡೆದು, ೧೭೭೭ರಲ್ಲಿ ಹ್ಯಾನೋವರಿನ ಅರಸನಿಗಾಗಿ ಹೈಲ್ಯಾಂಡರ ಪಲ್ಟಣವನ್ನು ಕಟ್ಟಿದನು. ಅದು ಮದರಾಸಿಗೆ ಬಂದು ಹೈದರಾಲಿಯೊಡನೆ ಕಾದಿತು. ಅದರ ಕ್ಯಾಪ್ಟನ್ ಡೇವಿಡ್ ಬೇರ್ಡನು ೧೭೮೦ರಲ್ಲಿ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಕಳೆದನು. ೧೭೯೯ರ ಮೇ ೪ರಂದು ಅದೇ ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಂದಾಳಾದನು. ಸ್ವಂತ ನಾಡನ್ನು ಕಳೆದುಕೊಂಡವರ ಶೌರ್ಯವು ಪರರ ನಾಡನ್ನು ಗೆಲ್ಲುವವರ ಕೈಗೂಲಿಯಾಯಿತು.

ಆಮೇಲೆ ಮೈಸೂರಿನಲ್ಲಿ ನಡೆದುದೇನು? ಪದಚ್ಯುತವಾಗಿದ್ದ ಒಡೆಯರ ವಂಶವು ಮರಳಿ ಪಟ್ಟಕ್ಕೆ ಬಂದಿತು. ಸ್ಕಾಟರಿಗೆ ಸಿದ್ಧಿಸದ ಪುನಃಪ್ರತಿಷ್ಠೆಯು ನಮ್ಮಲ್ಲಿ ಸಿದ್ಧಿಸಿತು. ಆದರೆ ಅದೇ ವರ್ಷ ಕನ್ನಡ ಕರಾವಳಿಯನ್ನು ಕಂಪನಿಯವರು ಕಿತ್ತುಕೊಂಡರು. ಉಳಿದ ಕನ್ನಡ ಸೀಮೆಗಳೂ ಹಲವರ ಪಾಲಾದವು. ರಾಜನು ಬಂದನು, ನಾಡು ಹರಿದುಹೋಯಿತು. ಅದನ್ನು ಕೂಡಿಸಲು ೧೯೫೬ರ ನವೆಂಬರ ೧ರವರೆಗೆ ಕಾಯಬೇಕಾಯಿತು. ಕೂಡಿಸಿದವರು ಕವಿಗಳು, ಪತ್ರಿಕೆಯವರು, ಶಾಲೆಯ ಮಾಸ್ತರರು. ಆಲೂರು ವೆಂಕಟರಾಯರು ವಿಜಯನಗರದ ವೈಭವವನ್ನು ನೆನಪಿಸಿದುದು ಆ ಸಿಂಹಾಸನವನ್ನು ಮತ್ತೆ ಹೂಡಲಿಕ್ಕಲ್ಲ, ಕನ್ನಡಿಗರಿಗೆ ತಮ್ಮ ಅರಿವನ್ನು ತಂದುಕೊಡಲಿಕ್ಕೆ.

ಸ್ಕಾಟ್ಲೆಂಡಿನಲ್ಲಿಯೂ ಹಾಗೆಯೇ. ಚಾರ್ಲ್ಸನು ೧೭೮೮ರಲ್ಲಿ ರೋಮಿನಲ್ಲಿ ತೀರಿಕೊಂಡನು. ೧೮೦೭ರಲ್ಲಿ ಅವನ ತಮ್ಮನೊಡನೆ ಆ ಸಂತತಿಯು ಮುಗಿಯಿತು. ನಾಡು ಮುಗಿಯಲಿಲ್ಲ, ಏಕೆಂದರೆ ಅದರ ನ್ಯಾಯಸ್ಥಾನಗಳು, ಚರ್ಚು, ಶಾಲೆಗಳು ಒಕ್ಕೂಟದ ಬಳಿಕವೂ ಅದರವೇ ಆಗಿ ಉಳಿದಿದ್ದವು. ೧೯೯೭ರಲ್ಲಿ ಜನರು ಮತ ಹಾಕಿದರು. ೧೯೯೯ರಲ್ಲಿ ಎಡಿನ್‌ಬರೊದಲ್ಲಿ ಪಾರ್ಲಿಮೆಂಟು ಮತ್ತೆ ಕೂಡಿತು. ಕತ್ತಿಯಿಂದ ಬಾರದುದು ಮತಪತ್ರದಿಂದ ಬಂದಿತು. ಆದರೆ ಗುಡ್ಡಗಾಡಿನವರ ಗೇಲಿಕ್ ನುಡಿಗೆ ಅಂಥ ಆಸರೆಯಿರಲಿಲ್ಲ. ಶಾಲೆಗಳು ಅದನ್ನು ಹೊರಗಿಟ್ಟವು; ಒಕ್ಕಲೆಬ್ಬಿಸಿದ ಜನರು ಕಡಲು ದಾಟಿದರು. ೧೮೯೧ರಲ್ಲಿ ಎರಡೂವರೆ ಲಕ್ಷದಷ್ಟಿದ್ದ ಅದರ ಮಾತುಗರು ೨೦೦೧ರಲ್ಲಿ ೬೦,೦೦೦ಕ್ಕೂ ಕಡಿಮೆಯಾದರು. ಅದನ್ನು ರಕ್ಷಿಸುವ ಶಾಸನವು ಬಂದುದು ೨೦೦೫ರಲ್ಲಿ.

ಮಹನೀಯರೇ, ಅರಸರಿಗಾಗಿ ಪ್ರಾಣಕೊಟ್ಟವರನ್ನು ಹಾಡುಗಳು ನೆನೆಯುವುವು. ನಾಡನ್ನು ಉಳಿಸುವುದು ಪಾಠಶಾಲೆ, ನ್ಯಾಯಸ್ಥಾನ, ಮನೆಯ ಮಾತು. ಗಡಿಗಳು ಕೂಡಿದ ಮಾತ್ರಕ್ಕೆ ನಮ್ಮ ಕೆಲಸವು ತೀರಿತೆಂದು ಬಗೆಯದಿರೋಣ. ನಮ್ಮ ಮಕ್ಕಳು ಯಾವ ನುಡಿಯಲ್ಲಿ ಓದುವರು, ನಮ್ಮ ಕಚೇರಿಗಳು ಯಾವ ನುಡಿಯಲ್ಲಿ ಬರೆಯುವುವು ಎಂಬುದನ್ನು ದಿನದಿನವೂ ವಿಚಾರಿಸುತ್ತಿರೋಣ.