ಸ್ಥಾನಮಾಹಿತಿಯನ್ನು ಎಷ್ಟರಮಟ್ಟಿಗೆ ನಂಬಬಹುದು?
(ಹೈದರಾಬಾದಿನಲ್ಲಿ ನೀಡಿದ ಉಪನ್ಯಾಸ)



2005ರ ಆಗಸ್ಟ್ 15ರಂದು ಈ ಹೈದರಾಬಾದಿನಲ್ಲಿ 108 ತುರ್ತು ಸೇವೆ ಆರಂಭವಾಯಿತು. 2008ರಲ್ಲಿ ಅದು ಕರ್ನಾಟಕಕ್ಕೂ ವಿಸ್ತರಿಸಿತು. ಆಂಬುಲೆನ್ಸ್ ಕರೆಯುವವರಿಗೆ ಮೊದಲು ಎದುರಾಗುವ ಪ್ರಶ್ನೆ "ನೀವು ಎಲ್ಲಿದ್ದೀರಿ?" ಎಂಬುದು. ಇಂದು ಇಂತಹ ಪ್ರಶ್ನೆಗಳಿಗೆ ಅನೇಕ ವೇಳೆ ಮೊಬೈಲ್ ದೂರವಾಣಿಯೇ ಉತ್ತರ ನೀಡುತ್ತದೆ. ಆ ಉತ್ತರ 300 ಮೀಟರ್ ತಪ್ಪಿದರೂ ಚಾರ್‌ಮಿನಾರ್ ಸುತ್ತಲಿನ ಗಲ್ಲಿಗಳಲ್ಲಿ ವಾಹನವು ಬೇರೊಂದು ಬೀದಿಯಲ್ಲಿ ನಿಲ್ಲಬಹುದು. ಆದುದರಿಂದ ಸ್ಥಾನಮಾಹಿತಿಯ ನಿಖರತೆಯನ್ನು ಅಳೆಯುವುದು ಕೇವಲ ತಂತ್ರಜ್ಞರ ಕುತೂಹಲದ ವಿಷಯವಲ್ಲ.

ದೂರವಾಣಿಗೆ ಸ್ಥಾನವನ್ನು ತಿಳಿಸುವ ಮೂಲಗಳು ಮುಖ್ಯವಾಗಿ ಮೂರು. ಮೊದಲನೆಯದು ಉಪಗ್ರಹ: ಅಮೆರಿಕದ ಜಿಪಿಎಸ್, ನಮ್ಮ ದೇಶದ ನಾವಿಕ್ ಮುಂತಾದವು. ಸಂಕೇತವು ತಲುಪಲು ಹಿಡಿದ ಕಾಲದಿಂದ ದೂರವನ್ನು ಗಣಿಸುವ ಈ ವಿಧಾನವು ತೆರೆದ ಬಯಲಿನಲ್ಲಿ ಸುಮಾರು 5 ಮೀಟರಿನಷ್ಟು ನಿಖರವಾಗಿರುತ್ತದೆ. ಆದರೆ ಹೈಟೆಕ್ ಸಿಟಿಯಂತಹ ಕಡೆ ಸಂಕೇತವು ಎತ್ತರದ ಕಟ್ಟಡಗಳ ಗೋಡೆಗೆ ತಾಗಿ ಸುತ್ತುಬಳಸಿ ಬರುವುದರಿಂದ ಲೆಕ್ಕ ತಪ್ಪುತ್ತದೆ. ಎರಡನೆಯದು ವೈಫೈ. ಇದು ಕಟ್ಟಡದೊಳಗೂ ಹತ್ತಾರು ಮೀಟರುಗಳ ಅಂದಾಜನ್ನು ನೀಡಬಲ್ಲದು. ಆದರೆ ಮನೆ ಬದಲಿಸಿದವರು ತಮ್ಮ ವೈಫೈ ಪೆಟ್ಟಿಗೆಯನ್ನೂ ಒಯ್ದಿದ್ದರೆ, ದಾಖಲೆ ತಿದ್ದುಪಡಿಯಾಗುವವರೆಗೆ ಅದು ಹಳೆಯ ವಿಳಾಸವನ್ನೇ ತೋರಬಹುದು. ಮೂರನೆಯದು ಮೊಬೈಲ್ ಗೋಪುರ. ಇದರ ತಪ್ಪು ನಗರದಲ್ಲಿ ನೂರಾರು ಮೀಟರ್, ಹಳ್ಳಿಗಾಡಿನಲ್ಲಿ ಹಲವು ಕಿಲೋಮೀಟರ್ ಆಗಬಹುದು.

ಆಂಡ್ರಾಯ್ಡ್ ವ್ಯವಸ್ಥೆಯು ಸ್ಥಾನದೊಡನೆ ನಿಖರತೆಯ ಅಂಕಿಯನ್ನೂ ಕೊಡುತ್ತದೆ. ಅದು 20 ಮೀಟರ್ ಎಂದಿದ್ದರೆ, ಅಷ್ಟು ತ್ರಿಜ್ಯದ ವೃತ್ತದೊಳಗೆ ನಾವಿರುವ ಸಂಭವ ನೂರಕ್ಕೆ 68 ಎಂದರ್ಥ. ಎಂದರೆ ಸುಮಾರು ಮೂರರಲ್ಲಿ ಒಂದು ಬಾರಿ ನಾವು ವೃತ್ತದ ಹೊರಗಿರುತ್ತೇವೆ! ಈ ಅಂಕಿಯೂ ದೂರವಾಣಿಯ ಸ್ವಂತ ಅಂದಾಜೇ ಹೊರತು ಪರೀಕ್ಷೆಯ ಫಲವಲ್ಲ. ಅಂತೆಯೇ ಅಕ್ಷಾಂಶವನ್ನು ಆರು ದಶಮಾಂಶಗಳವರೆಗೆ ಬರೆದರೆ ಅದು ಸುಮಾರು 11 ಸೆಂಟಿಮೀಟರಿನ ಸೂಕ್ಷ್ಮತೆ. ಬರೆದ ಮಾತ್ರಕ್ಕೆ ಅಳತೆ ಅಷ್ಟು ನಿಜವಾಗದು.

ಹಾಗಾದರೆ ಪರೀಕ್ಷಿಸುವುದು ಹೇಗೆ? ನಮ್ಮ ನಾಡಿನಲ್ಲೇ ಒಂದು ಹಳೆಯ ಪಾಠವಿದೆ. 1802ರಲ್ಲಿ ಮದರಾಸಿನ ಬಳಿ ತ್ರಿಕೋನ ಮಾಪನವನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, ತಮ್ಮ ಗಣಿತವನ್ನು ಕುರುಡಾಗಿ ನಂಬಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ನೆಲದ ಮೇಲೆಯೇ ಅಳೆದು, ಗಣಿಸಿದ ಉದ್ದದೊಡನೆ ಹೋಲಿಸಿದರು. ವ್ಯತ್ಯಾಸ ಕೆಲವೇ ಅಂಗುಲಗಳಷ್ಟಿತ್ತು. ಒಂದು ಅಳತೆಗೆ ಸಾಕ್ಷಿ ಅದೇ ಅಳತೆಯಾಗಲಾರದು. ಸ್ವತಂತ್ರವಾದ ಮತ್ತೊಂದು ಅಳತೆ ಬೇಕು.

ಆ್ಯಪ್ ರಚಿಸುವವರೂ ಇದನ್ನೇ ಅನುಸರಿಸಬೇಕು. ಭೂಮಾಪನದಿಂದ ನಿಖರವಾಗಿ ತಿಳಿದಿರುವ ಬಿಂದುಗಳಲ್ಲಿ ನಿಂತು, ಬಯಲು, ಗಲ್ಲಿ, ಕಟ್ಟಡದ ಒಳಭಾಗ ಹೀಗೆ ಬೇರೆ ಬೇರೆ ಸನ್ನಿವೇಶಗಳಲ್ಲಿ, ಬೇರೆ ಬೇರೆ ದೂರವಾಣಿಗಳಿಂದ, ಹಲವು ಬಾರಿ ಸ್ಥಾನವನ್ನು ದಾಖಲಿಸಬೇಕು. ಪ್ರತಿಯೊಂದು ಮೂಲದ ತಪ್ಪನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಬೇಕು. ಸರಾಸರಿಯೊಂದೇ ಸಾಲದು, ಅತಿ ಕೆಟ್ಟ ಫಲಿತಾಂಶಗಳನ್ನೂ ನೋಡಬೇಕು. ಏಕೆಂದರೆ ರೋಗಿಯ ಪಾಲಿಗೆ ಬರುವುದು ಸರಾಸರಿಯಲ್ಲ, ಆ ಕ್ಷಣದ ಅಳತೆ. ಸ್ಥಾನವನ್ನು ದಾಖಲಿಸಿದ ಸಮಯವನ್ನೂ ಗಮನಿಸಬೇಕು. ಹತ್ತು ನಿಮಿಷ ಹಿಂದಿನ ನಿಖರ ಸ್ಥಾನವು ಚಲಿಸುವ ವ್ಯಕ್ತಿಯ ವಿಷಯದಲ್ಲಿ ತಪ್ಪು ಸ್ಥಾನವೇ ಸರಿ.

ಅನುಮಾನವಿರುವೆಡೆ ಬಿಂದುವಿನ ಬದಲು ವೃತ್ತವನ್ನೇ ತೋರಿಸಿ, ಬಳಕೆದಾರರಿಂದ ದೃಢೀಕರಣ ಪಡೆಯುವುದು ಲೇಸು. ಸಾರ್ವಜನಿಕರೂ ಅಷ್ಟೇ: ತುರ್ತು ಕರೆಯಲ್ಲಿ ದೂರವಾಣಿಯನ್ನೇ ನೆಚ್ಚಿಕೊಳ್ಳದೆ ಬೀದಿಯ ಹೆಸರನ್ನೂ ಹತ್ತಿರದ ಗುರುತನ್ನೂ ತಪ್ಪದೆ ತಿಳಿಸಬೇಕು.