ಆಟ ನಡೆಯದಿದ್ದಾಗ ಕಲಿತದ್ದು
(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ್ದು 2003ರಲ್ಲಿ. ಈಗ ಕಲಬುರಗಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮಕ್ಕಳಿಗೆ ಎರಡು ಮಾತು ಹೇಳು ಎಂದು ಗುರುಗಳು ಅಪ್ಪಣೆ ಮಾಡಿದರು. ನಾನು ಆಟದ ಬಗ್ಗೆ ಹೇಳುತ್ತೇನೆ. ಕಬಡ್ಡಿ, ಖೊಖೊ ಅಲ್ಲ. ಲಿನಕ್ಸ್ ಕಂಪ್ಯೂಟರಿನಲ್ಲಿ ಆಡುವ ಆಟ.

ಡಿಪ್ಲೊಮಾ ಓದುವಾಗ ನಾವು ಮೂವರು ಗೆಳೆಯರು ಸೇರಿ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡೆವು. ಅದರಲ್ಲಿದ್ದದ್ದು ಕಳ್ಳ ಪ್ರತಿಯ ವಿಂಡೋಸ್. ಯಾರೋ ಕೊಟ್ಟ ಆಟದ ಸಿ.ಡಿ.ಯಿಂದ ವೈರಸ್ ಬಂದು ನನ್ನ ಪ್ರಾಜೆಕ್ಟ್ ವರದಿ ಪೂರ್ತಿ ಹಾಳಾಯಿತು. ಒಪ್ಪಿಸಲು ನಾಲ್ಕೇ ದಿನ ಉಳಿದಿತ್ತು. ಆಗ ಹಿರಿಯ ವಿದ್ಯಾರ್ಥಿಯೊಬ್ಬರು ಉಬುಂಟು ಲಿನಕ್ಸಿನ ಸಿ.ಡಿ. ಕೊಟ್ಟರು. ಆ ಕಾಲದಲ್ಲಿ ಕೇಳಿದವರಿಗೆ ಅದನ್ನು ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತಿದ್ದರು. ರಾತ್ರಿ ಹಗಲು ಕೂತು ವರದಿಯನ್ನು ಮತ್ತೆ ಟೈಪ್ ಮಾಡಿದೆ.

ಲಿನಕ್ಸ್ ಶುರುವಾದದ್ದು 1991ರಲ್ಲಿ. ಅದನ್ನು ಬರೆದ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಆಗ 21 ವರ್ಷದ ವಿದ್ಯಾರ್ಥಿ. ಕೆಲಸಕ್ಕೆ ಅದು ಒಳ್ಳೆಯದು, ಆದರೆ ಆಟ ಹಾಕಿದರೆ ತೆರೆ ಕಪ್ಪಾಗಿ ನಿಲ್ಲುತ್ತಿತ್ತು. ಗೆಳೆಯರು ನಗುತ್ತಿದ್ದರು. ಕಾರಣ ಸರಳ. ಆಟ ವಿಂಡೋಸಿನ ಭಾಷೆಯಲ್ಲಿ ಕೇಳುತ್ತದೆ, ಲಿನಕ್ಸಿಗೆ ಆ ಭಾಷೆ ತಿಳಿಯದು. ಬಜಾರಿನಲ್ಲಿ ಉರ್ದು ಮಾತಾಡುವ ವ್ಯಾಪಾರಿಗೂ ಕನ್ನಡ ಮಾತ್ರ ಬಲ್ಲ ಹಳ್ಳಿಯ ಅಜ್ಜಿಗೂ ನಡುವೆ ಒಬ್ಬರು ನಿಂತು ತಿಳಿಸಿ ಹೇಳುತ್ತಾರಲ್ಲ, ಹಾಗೆ 1993ರಿಂದ 'ವೈನ್' ಎಂಬ ತಂತ್ರಾಂಶ ಈ ಕೆಲಸ ಮಾಡುತ್ತಾ ಬಂದಿದೆ. ಅದನ್ನೇ ಆಧರಿಸಿ ವಾಲ್ವ್ ಕಂಪನಿ 2018ರಲ್ಲಿ 'ಪ್ರೋಟಾನ್' ತಂದಿತು. 2022ರಲ್ಲಿ ಅದೇ ಕಂಪನಿಯ ಸ್ಟೀಮ್ ಡೆಕ್ ಬಂತು. ಕೈಯಲ್ಲಿ ಹಿಡಿದು ಆಡುವ ಆ ಯಂತ್ರದೊಳಗೂ ಲಿನಕ್ಸೇ. ಹಿಂದೆ ವಾರಗಟ್ಟಲೆ ಹೆಣಗಿದ ಎಷ್ಟೋ ಆಟಗಳು ಈಗ ಒಂದೇ ಗುಂಡಿ ಒತ್ತಿದರೆ ನಡೆಯುತ್ತವೆ.

ಎಲ್ಲವೂ ಅಲ್ಲ. ಎಂಟನೇ ತರಗತಿಯ ನನ್ನ ಮಗ ಒಂದಿನ ಕೇಳಿದ: "ಅಪ್ಪಾ, ಊರ ಮಂದಿ ಕಂಪ್ಯೂಟರ್ ಎಲ್ಲಾ ನೀ ರಿಪೇರಿ ಮಾಡ್ತಿ. ನಮ್ಮ ಮನ್ಯಾಗ ಈ ಆಟ ಯಾಕ ನಡೀವಲ್ದು?" ಅವನ ಗೆಳೆಯರೆಲ್ಲ ಭಾನುವಾರ ಆನ್‌ಲೈನ್‌ನಲ್ಲಿ ಸೇರಿ ಆಡುವ ಆಟ ಅದು. ಮೋಸ ಮಾಡುವವರನ್ನು ಹಿಡಿಯಲು ಅದರಲ್ಲಿ ಒಂದು ಕಾವಲು ತಂತ್ರಾಂಶವಿದೆ. ಅದು ಲಿನಕ್ಸನ್ನು ಒಳಗೆ ಬಿಡುವುದಿಲ್ಲ. ಎರಡು ರಾತ್ರಿ ಕೂತೆ, ಆಗಲಿಲ್ಲ. ಮಗ ಕಳ್ಳ ಪ್ರತಿಯ ವಿಂಡೋಸ್ ಹುಡುಕಿ ಇಟ್ಟಿದ್ದ. ನನ್ನ ವರದಿಯ ಕಥೆ ಹೇಳಿ, "ಇದು ನನ್ನ ಕೈಲಿ ಆಗಲಿಲ್ಲ ತಮ್ಮಾ" ಎಂದು ಒಪ್ಪಿಕೊಂಡೆ. ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ.

ಬೇಸಿಗೆ ರಜೆಗೆ ಅವನನ್ನು ಇಲ್ಲಿಗೆ, ಅವನ ಅಜ್ಜಿಯ ಹತ್ತಿರ ಕಳಿಸಿದೆ. ಜೊತೆಗೆ ಒಂದು ಹಳೆಯ ಲಿನಕ್ಸ್ ಕಂಪ್ಯೂಟರ್ ಕೊಟ್ಟೆ. ಅದರಲ್ಲಿ ಸೂಪರ್‌ಟಕ್ಸ್‌ಕಾರ್ಟ್ ಎಂಬ ಉಚಿತ ಓಟದ ಆಟವಿತ್ತು. ಇಂಟರ್ನೆಟ್ ಇಲ್ಲದೆಯೂ ಒಂದೇ ತೆರೆಯಲ್ಲಿ ನಾಲ್ವರು ಆಡಬಹುದು. ದಾರಿಯಲ್ಲಿ ಬಾಳೆಹಣ್ಣು ಬಿದ್ದಿರುತ್ತವೆ, ತಾಗಿದರೆ ಗಾಡಿಗೆ ತೊಂದರೆ. ಕೆಂಪು ಬಾಳೆಯ ಕಮಲಾಪುರದ ಮಕ್ಕಳಿಗೆ ಅದೇ ದೊಡ್ಡ ನಗೆ. ಒಂದಿನ ಕಂಪ್ಯೂಟರಿನಲ್ಲಿ ಧ್ವನಿ ನಿಂತುಹೋಯಿತಂತೆ. ಮಗ ತೆರೆಯ ಮೇಲಿನ ದೋಷದ ಸಾಲುಗಳನ್ನು ಓದಿ, ತಾನೇ ಸರಿಪಡಿಸಿದ. ನನಗೆ ಫೋನ್ ಕೂಡ ಮಾಡಲಿಲ್ಲ. ಈಗಲೂ ಭಾನುವಾರ ಆ ಇನ್ನೊಂದು ಆಟಕ್ಕೆ ಗೆಳೆಯನ ಮನೆಗೆ ಹೋಗುತ್ತಾನೆ. ಹೋಗಲಿ.

ಮಕ್ಕಳೇ, ಇಂದು ಶಾಲೆಗೆ ನಾಲ್ಕು ಹಳೆಯ ಕಂಪ್ಯೂಟರ್ ತಂದಿದ್ದೇನೆ. ಎಲ್ಲದರಲ್ಲೂ ಲಿನಕ್ಸ್ ಇದೆ. ಗಣಿತಕ್ಕೆ ಜಿಯೋಜೀಬ್ರಾ, ನಕ್ಷತ್ರ ನೋಡಲು ಸ್ಟೆಲ್ಲೇರಿಯಂ, ಬಾಳೆಹಣ್ಣಿನ ಆಟವೂ ಇದೆ. ಕೆಟ್ಟರೆ ಹೆದರಬೇಡಿ. ತೆರೆಯ ಮೇಲೆ ಏನು ಬರೆದಿದೆ ಎಂದು ಮೊದಲು ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೂ ಆಗದಿದ್ದರೆ ನನ್ನನ್ನು ಕರೆಯಿರಿ, ಕೂಡಿ ನೋಡೋಣ.